ಪೈಲ್ವಾನನ ಚೊಚ್ಚಲ ಬಾಣಂತನ

ಬೇರೆಯವರ ಮನೆಗೆ ಬಂದವರು ಉಂಡು, ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಾರೆ. ನಮ್ಮ ಮನೆಗೆ ಬಂದದ್ದು ಹೋಗುವುದಿಲ್ಲ, ಬಂದಮೇಲೆ ಸುಮ್ಮನೆ ಇರುವುದೂ ಇಲ್ಲ. ಗೋಕಾಕದಲ್ಲಿ ಇಷ್ಟೊಂದು ಓಣಿಗಳಿದ್ದರೂ ಇಂಥವು ನಮ್ಮ ಬಾಗಿಲನ್ನೇ ಕೇಳಿಕೊಂಡು ಬರುತ್ತವೆ. ಎಲ್ಲವನ್ನೂ ಹೇಳಲು ಹೋಗುವುದಿಲ್ಲ, ಹೋದ ಶ್ರಾವಣದ್ದಷ್ಟೇ ಹೇಳುತ್ತೇನೆ.

೧. ಹೆಸರಿಟ್ಟದ್ದು

ನನ್ನ ಮೈದುನ ಬಣ್ಣದ ಮೀನು ಮಾರುವ ಅಂಗಡಿ ಇಟ್ಟಿದ್ದ. ಅಂಗಡಿ ಮುಚ್ಚಿದಾಗ ಮೀನು ಹೋದವು, ಪಾರಿವಾಳ ಹೋದವು, ಗಾಜಿನ ಪೆಟ್ಟಿಗೆಗಳೂ ಹೋದವು. ಯಾರೂ ಒಯ್ಯದೆ ನಮ್ಮ ಪಾಲಿಗೆ ಉಳಿದದ್ದು ಒಂದು ಇಗ್ವಾನಾ, ಹಲ್ಲಿಯ ಜಾತಿಯ ದೊಡ್ಡ ಪ್ರಾಣಿ. ಹಸಿರು ಮೈ, ಬೆನ್ನ ಮೇಲೆ ಬಾಚಣಿಕೆಯ ಹಲ್ಲಿನಂಥ ಮುಳ್ಳು, ಗದ್ದದ ಕೆಳಗೆ ಜೋಲುವ ಚರ್ಮ, ಮೈಗಿಂತ ಉದ್ದನೆಯ ಬಾಲ. ನೋಡಲು ರಾಕ್ಷಸ, ತಿನ್ನುವುದು ಮಾತ್ರ ಸೊಪ್ಪು ಮತ್ತು ಹೂವು. ಮುಂಗಾಲು ಊರಿ ಎದೆ ಎತ್ತಿ ನಿಲ್ಲುವ ಠೀವಿ ನೋಡಿ ನನ್ನ ಗಂಡ ಅದಕ್ಕೆ ಪೈಲ್ವಾನ ಎಂದು ಹೆಸರಿಟ್ಟರು. ಗಂಡೋ ಹೆಣ್ಣೋ ಎಂದು ಯಾರೂ ನೋಡಲಿಲ್ಲ. ಕುಸ್ತಿಯ ಸೀಮೆಯಲ್ಲಿ ಎದೆ ಉಬ್ಬಿಸಿದವರೆಲ್ಲ ಗಂಡಸರೇ.

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಇದನ್ನು ಸಾಕಿದ್ದು ಸಿಲಬಸ್ಸಿಗೆ ಬೇಕಾಯಿತೇನು ಎಂದು ಸ್ಟಾಫ್ ರೂಮಿನಲ್ಲಿ ಕೇಳಿದರು. ಅತ್ತೆಯ ಚಿಂತೆ ಬೇರೆ. ಸಣ್ಣ ಹಲ್ಲಿ ಲೊಚಗುಟ್ಟಿದರೇ ಒಂದು ಶಕುನ, ಇಷ್ಟು ದೊಡ್ಡದು ಲೊಚಗುಟ್ಟಿದರೆ ಎಂಥ ಶಕುನ ತಡೆದುಕೊಳ್ಳಬೇಕು ಎಂದು ಅವರು ಅದರ ಹೆಸರನ್ನೂ ಎತ್ತುತ್ತಿರಲಿಲ್ಲ.

ಬಾಜೂ ಮನೆಯ ಕಾಕಾ ನಿವೃತ್ತ ಹೆಡ್‌ಮಾಸ್ತರರು. ಇದು ಉಡವೇ ಎಂದು ತೀರ್ಪು ಕೊಟ್ಟು ಅರಣ್ಯ ಇಲಾಖೆಗೆ ಫೋನು ಮಾಡಿದರು. ಬಂದ ಗಾರ್ಡು ನಮ್ಮ ಕಾಗದಪತ್ರ ನೋಡಿ, ಇದು ಉಡ ಅಲ್ಲ, ಪರದೇಶದ ಪ್ರಾಣಿ, ಸಾಕಬಹುದು ಎಂದು ಹೇಳಿ, ಚಹಾ ಕುಡಿದು ಹೋದ. ಕಾಕಾ ಗೋಡೆಯ ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡರು.

"ನಿಮ್ಮ ಮನ್ಯಾಗ ಏನರ ಇರಲಿ ತಂಗಿ," ಎಂದರು, "ಗ್ವಾಡಿ ದಾಟಿ ಬಂತಂದ್ರ ಅದು ಉಡಾನ."

೨. ಉಪವಾಸ

ಶ್ರಾವಣದ ಒಂದು ಸೋಮವಾರ ಪೈಲ್ವಾನ ಸೊಪ್ಪು ಮುಟ್ಟಲಿಲ್ಲ. ಸೋಮವಾರ ಹಿಡಿದಿದೆ ಎಂದು ಅತ್ತೆ ಅದರ ಕಡೆ ಮೊದಲ ಸಲ ಮೆಚ್ಚಿ ನೋಡಿದರು. ಮಂಗಳವಾರವೂ ಮುಟ್ಟಲಿಲ್ಲ, ಬುಧವಾರವೂ ಇಲ್ಲ. ಇಷ್ಟು ಭಕ್ತಿ ಅತ್ತೆಗೂ ಜಾಸ್ತಿ ಅನ್ನಿಸಿತು. ದಾಸವಾಳದ ಹೂವು ಇಟ್ಟರೆ ಮುಖ ತಿರುಗಿಸುವುದು, ಇಡೀ ದಿನ ಸೋಫಾದ ಮೂಲೆ ಕೆರೆಯುವುದು, ನನ್ನ ಕೊತ್ತಂಬರಿ ಕುಂಡ ಕೆದರುವುದು. ತಿನ್ನದಿದ್ದರೂ ಹೊಟ್ಟೆ ಮಾತ್ರ ದಿನದಿನಕ್ಕೆ ಉಬ್ಬುತ್ತಿತ್ತು.

ಗ್ಯಾಸು ಎಂದರು ನನ್ನ ಗಂಡ, ಸ್ವಂತ ಅನುಭವದ ಮೇಲೆ. ದೃಷ್ಟಿ ಎಂದರು ಅತ್ತೆ. ಒಬ್ಬರು ಓಮದ ನೀರು ಕುದಿಸಿದರು, ಒಬ್ಬರು ಉಪ್ಪು ಮೆಣಸಿನಕಾಯಿ ಇಳಿ ತೆಗೆದರು. ಓಮದ ನೀರನ್ನು ಪೈಲ್ವಾನ ಮೂಸಿಯೂ ನೋಡಲಿಲ್ಲ. ಅದನ್ನು ನನ್ನ ಗಂಡನೇ ಕುಡಿದು, ತಮ್ಮ ಹೊಟ್ಟೆ ಸವರಿಕೊಳ್ಳುತ್ತ ನನ್ನ ಕಡೆ ತಿರುಗಿದರು.

"ಉಣ್ಣದಿದ್ರೂ ಹೊಟ್ಟಿ ಬರತೈತಿ ಅಂತ ನಾ ಎಷ್ಟ ವರ್ಷದಿಂದ ಹೇಳಾಕತ್ತೇನಿ. ಈಗರ ನಂಬತಿಯಿಲ್ಲೊ?"

೩. ಟಿಕೆಟ್

ಮೂಡಲಗಿಯಲ್ಲಿ ಒಳ್ಳೆಯ ದನದ ಡಾಕ್ಟರು ಇದ್ದಾರೆಂದು ಕೇಳಿ, ಪೈಲ್ವಾನನನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಮುಚ್ಚಳದ ಸಂದಿನಿಂದ ಬಾಲ ಹೊರಗೆ ಬಂದಿತ್ತು. ಕಂಡಕ್ಟರು ಅದನ್ನೇ ನೋಡುತ್ತ, ಬುಟ್ಟಿಯೊಳಗೆ ಯಾರು ಎಂದು ಕೇಳಿದ. ಪೈಲ್ವಾನ ಎಂದೆ.

"ಗಂಡಸಾ?"

"ಹೌದ್ರಿ."

"ಹಂಗಾರ ಟಿಕೀಟ ತಗೀರಿ. ಫ್ರೀ ಇರೂದು ಹೆಣ್ಮಕ್ಕಳಿಗೆ."

ಮೂಡಲಗಿಯಲ್ಲಿ ಎಮ್ಮೆಗಳ ಸಾಲು ನಮಗೆ ದಾರಿ ಬಿಟ್ಟಿತು. ಎಮ್ಮೆ ತಂದವರು ಬಿಡಲಿಲ್ಲ, ಬುಟ್ಟಿಯ ಸುತ್ತ ನಿಂತರು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು, ಇಂಥ ಪ್ರಾಣಿಗಳನ್ನು ನೋಡುವ ಬೆಳಗಾವಿಯ ಗೆಳೆಯರಿಗೆ ಫೋನು ಮಾಡಿದರು, ಮತ್ತೆ ಮುಟ್ಟಿ ನೋಡಿದರು.

"ಮ್ಯಾಡಮ್ಮಾರ, ನಿಮ್ಮ ಪೈಲ್ವಾನ ಬಸುರಿ ಅದಾನ್ರಿ."

ಹೊಟ್ಟೆಯ ತುಂಬ ತತ್ತಿ. ಗಂಡು ಇಲ್ಲದಿದ್ದರೂ ಕೋಳಿಯ ಹಾಗೆ ಇವೂ ತತ್ತಿ ಕಟ್ಟುತ್ತವಂತೆ. ಕಷ್ಟ ಇರುವುದು ಇಡುವುದರಲ್ಲಿ. ತಾನೇ ತೋಡಿದ, ತನ್ನ ಮನಸ್ಸಿಗೆ ಬಂದ ಮಣ್ಣು ಸಿಗದಿದ್ದರೆ ಇಡುವುದೇ ಇಲ್ಲ. ತಡೆದು ಹಿಡಿದ ತತ್ತಿ ಒಳಗೇ ಕೆಟ್ಟರೆ ಜೀವ ಉಳಿಯುವುದು ಕಷ್ಟ. ಡಾಕ್ಟರು ಕ್ಯಾಲ್ಸಿಯಂ ಔಷಧ ಕೊಟ್ಟರು, ಎಕ್ಸ್‌ರೇ ತೆಗೆಸಲು ಹೇಳಿದರು. ಬರುವ ಸೋಮವಾರದೊಳಗೆ ಇಡದಿದ್ದರೆ ಬೆಳಗಾವಿಗೆ ಒಯ್ದು ಆಪರೇಷನ್ ಮಾಡಿಸಬೇಕು, ಆದರೆ ಇಷ್ಟು ಸೊರಗಿದ ಜೀವ ಅದನ್ನು ತಡೆಯುತ್ತದೆಂದು ಹೇಳಲಾರೆ ಎಂದರು.

ಅವನಾಗಿ ಹೋದವನು ಅವಳಾಗಿ ಬಂದಳು. ತಿರುಗಿ ಬರುವಾಗ ಸಿಕ್ಕದ್ದೂ ಅದೇ ಬಸ್ಸು, ಅದೇ ಕಂಡಕ್ಟರು. ನಾನು ಬುಟ್ಟಿಯೊಳಗೆ ಕೈ ಇಟ್ಟುಕೊಂಡು ಕೂತಿದ್ದೆ. ಈಗ ಇದು ಹೆಣ್ಣಂತೆ, ಡಾಕ್ಟರೇ ಹೇಳಿದ್ದಾರೆ, ಟಿಕೆಟ್ ಬೇಡ ಎಂದೆ. ಅವನು ಸ್ವಲ್ಪ ವಿಚಾರ ಮಾಡಿದ.

"ಇರಲಿ ಬಿಡ್ರಿ ಅಕ್ಕಾರ. ಆಧಾರ್ ಕಾರ್ಡ ತೋರಸ್ರಿ, ಆಕೀದು."

೪. ಬೋರ್ಡು

ಗೋಕಾಕದಲ್ಲಿ ನನ್ನ ಗಂಡನ ಗೆಳೆಯರೊಬ್ಬರ ಸ್ಕ್ಯಾನಿಂಗ್ ಸೆಂಟರ್ ಇದೆ. ಮನುಷ್ಯರೆಲ್ಲ ಹೋದಮೇಲೆ ಬನ್ನಿ ಎಂದಿದ್ದರು. ಕೌಂಟರಿನ ಹುಡುಗಿ ತಲೆ ಎತ್ತದೆ ಹೆಸರು ಕೇಳಿದಳು, ಪೈಲ್ವಾನ. ತೊಂದರೆ ಕೇಳಿದಳು, ಬಸುರಿ. ಆಗ ತಲೆ ಎತ್ತಿದಳು.

ನನ್ನ ಗಂಡನಿಗೆ ಇನ್ನೂ ಪೂರ್ತಿ ನಂಬಿಕೆ ಇರಲಿಲ್ಲ. ಗಂಡೋ ಹೆಣ್ಣೋ ಒಮ್ಮೆ ಖಾತ್ರಿ ಮಾಡಿ ಹೇಳುತ್ತೀರೇನು ಎಂದು ಕೇಳಿಬಿಟ್ಟರು. ಹುಡುಗಿ ಗೋಡೆಯ ಬೋರ್ಡು ತೋರಿಸಿದಳು. ಭ್ರೂಣ ಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ.

"ಮಕ್ಕಳದ್ದಲ್ಲ ತಂಗಿ, ತಾಯೀದು ಕೇಳಾಕತ್ತೇನಿ."

"ಇಲ್ಲಿ ಯಾರದೂ ಹೇಳೂದಿಲ್ರಿ."

ಎಕ್ಸ್‌ರೇ ಚಿತ್ರದಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ತತ್ತಿ ಕಂಡವು. ಯಾವುದೂ ಒಡೆದಿಲ್ಲ ಎನ್ನುವುದೇ ಸಮಾಧಾನ. ಮನೆಗೆ ಬಂದು ಲಕೋಟೆ ನೋಡಿದರೆ, ಹುಡುಗಿ ಮೇಲೆ ದುಂಡಗೆ ಬರೆದಿದ್ದಳು: ಪೈಲ್ವಾನ, ಬಸುರಿ. ಲಿಂಗ: ಹೇಳುವಂತಿಲ್ಲ.

೫. ಕುಬಸ

ಬಸುರಿ ಎಂಬ ಒಂದು ಶಬ್ದಕ್ಕೆ ಅತ್ತೆ ಪೂರ್ತಿ ಬದಲಾದರು. ಇಷ್ಟು ದಿನ ಹೆಸರೆತ್ತದವರು ಈಗ ಪೈಲ್ವಾನವ್ವ ಎಂದು ಕರೆದು ಮೈ ಸವರತೊಡಗಿದರು. ನಾವು ದೊಡ್ಡ ಟಬ್ಬಿಗೆ ಹಸಿ ಮಣ್ಣು ತುಂಬಿ ಇಟ್ಟೆವು. ಅವಳು ಹತ್ತಿದಳು, ಕೂತಳು, ಬಾಡಿಗೆ ಮನೆ ನೋಡಲು ಬಂದವರ ಹಾಗೆ ಮೂಲೆಮೂಲೆ ನೋಡಿ ಇಳಿದು ಹೋದಳು. ಟಬ್ಬು ಬದಲಿಸಿದೆವು, ಮಣ್ಣು ಬದಲಿಸಿದೆವು. ಮನಸ್ಸಿಗೆ ಬರಲಿಲ್ಲ.

ಕುಬಸ, ಅಂದರೆ ಸೀಮಂತ, ಮಾಡದೆ ಹೇಗೆ ಹಡೆದಾಳು ಎಂದು ಅತ್ತೆ ಹುಕ್ಕೇರಿಯಲ್ಲಿರುವ ಮಗಳಿಗೆ ಫೋನು ಹಚ್ಚಿದರು. ಭಾನುವಾರ ನನ್ನ ನಾದಿನಿ ಹಸಿರು ಬಳೆ, ರವಿಕೆಯ ಖಣ, ಒಂದು ಡಬ್ಬಿ ಅಂಟಿನ ಉಂಡಿ ತಂದಿಳಿದಳು. ಬಸುರಿಗೆ ಹಸಿರು ಸೀರೆ ಉಡಿಸಬೇಕಲ್ಲ, ಅದೊಂದು ಮರೆತೆನೆಂದು ಪೇಚಾಡಿದವಳು ಪೈಲ್ವಾನವ್ವನನ್ನು ಕಂಡು ಸುಮ್ಮನಾದಳು. ಹಸಿರು ಸೀರೆಯನ್ನು ಬಸುರಿ ಹುಟ್ಟುವಾಗಲೇ ಉಟ್ಟುಕೊಂಡು ಬಂದಿದ್ದಳು. ಕೈಗೆ ಬಳೆ ನಿಲ್ಲಲಿಲ್ಲ, ಒಂದನ್ನು ಬಾಲಕ್ಕೆ ತೊಡಿಸಿದರು. ಆರತಿ ಆಯಿತು, ಹಾಡೂ ಆಯಿತು. ಉಂಡಿಯನ್ನು ಬಸುರಿಯ ಪರವಾಗಿ ನನ್ನ ಗಂಡ ತಿಂದರು.

ಸಂಜೆಯಾದರೂ ತತ್ತಿಯ ಸುಳಿವಿಲ್ಲ. ಪೈಲ್ವಾನವ್ವನ ಕಣ್ಣು ಗುಳಿ ಬಿದ್ದಿದ್ದವು, ಕೈಗೆತ್ತಿಕೊಂಡರೂ ಎದೆ ಉಬ್ಬಿಸುತ್ತಿರಲಿಲ್ಲ. ನಾನು ಮರುದಿನ ಬೆಳಗಾವಿಗೆ ಹೋಗಲು ಗಾಡಿ ಹೇಳಿದೆ. ಅತ್ತೆ, ತಪ್ಪು ನಮ್ಮದೇ ಎಂದರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಗಂಡನ ಮನೆಯಲ್ಲಿ ಕೂಡಿಸಿಕೊಂಡರೆ ಯಾವ ಹೆಣ್ಣು ಹಡೆಯುತ್ತದೆ.

"ಆಕೀ ತವರು ದಕ್ಷಿಣ ಅಮೆರಿಕಾ ಬೇ ಯವ್ವಾ," ಎಂದರು ನನ್ನ ಗಂಡ. "ಸಮುದ್ರದಾಚೆ."

ಅತ್ತೆ ಪೈಲ್ವಾನವ್ವನ ತಲೆ ಸವರಿದರು.

"ಇಷ್ಟ ದೂರ ಹೆಣ್ಣ ಕೊಟ್ಟಾರಂದ್ರ, ಅವರರ ಎಂಥಾ ಮಂದಿ ಇರಬೇಕು."

೬. ತವರುಮನೆ

ಸೋಮವಾರ ಬೆಳಿಗ್ಗೆ ಗಾಡಿ ಬಾಗಿಲಿಗೆ ಬಂತು, ಬುಟ್ಟಿ ತಯಾರಾಯಿತು, ಪೈಲ್ವಾನವ್ವ ಇಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ಅಟ್ಟ, ಬಚ್ಚಲು, ಮಂಚದ ಕೆಳಗು ಎಲ್ಲ ಹುಡುಕಿದೆವು. ಆ ಹೊಟ್ಟೆ ಹೊತ್ತುಕೊಂಡು ರಸ್ತೆಗೆ ಹೋಗಿದ್ದರೆ ನಾಯಿಗಳು ಬಿಡುವುದಿಲ್ಲ. ನಾನು ಚಪ್ಪಲಿ ಮೆಟ್ಟಿ ರಸ್ತೆಗೆ ಹೊರಟೆ. ಆಗ ಗೋಡೆಯ ಆಚೆಯಿಂದ ಕಾಕಾ ಕರೆದರು.

"ನಿಮ್ಮ ಉಡಾ ನನ್ನ ಉಸುಕಿನ್ಯಾಗ ಐತಿ. ಬರ್ರಿ."

ಕಾಕಾ ಮೇಲಿನ ಮಹಡಿ ಕಟ್ಟಿಸುತ್ತಿದ್ದರು. ಅಂಗಳದ ಉಸುಕಿನ ಗುಡ್ಡೆಯನ್ನು ನಾಯಿ ಬೆಕ್ಕುಗಳಿಂದ ಕಾಯಲು ಬಡಿಗೆ ಹಿಡಿದು ಕೂಡುವುದೇ ಅವರ ದಿನಚರಿ. ಓಡಿ ಹೋಗಿ ನೋಡಿದರೆ, ಗುಡ್ಡೆಯಲ್ಲಿ ಒಂದು ಬಿಲ, ಬಿಲದ ಹೊರಗೆ ಬಾಲ, ಬಾಲದಲ್ಲಿ ಹಸಿರು ಬಳೆ. ಕಾಕಾನ ಬಡಿಗೆ ಮೇಲಿತ್ತು. ಅತ್ತೆ ನಮ್ಮೆಲ್ಲರನ್ನೂ ಸರಿಸಿ ಮುಂದೆ ಹೋದರು.

"ಬಡಿಗಿ ಇಳಸ್ರಿ ಮಾಸ್ತರ. ಹಡಿಯಾಕತ್ತಾಳ."

ಬಡಿಗೆ ಇಳಿಯಿತು. ಕಾಕಾನಿಗೆ ಇಬ್ಬರೂ ಗಂಡುಮಕ್ಕಳು. ಹೆಣ್ಣುಮಗಳೊಬ್ಬಳು ಬಂದು ಹಡೆದುಹೋಗುವ ಭಾಗ್ಯ ಈ ಮನೆಗೆ ಇಲ್ಲವಲ್ಲ ಎಂದು ಅವರ ಹೆಂಡತಿ ಕಾಕು ಎಷ್ಟೋ ಸಲ ನಮ್ಮ ಮುಂದೆ ಅಂದದ್ದಿದೆ. ಈಗ ಕಾಕು ತಾಟಿನಲ್ಲಿ ನೀರು ತಂದಿಟ್ಟರು. ಕಾಕಾ ಗೌಂಡಿಗೆ ಕೆಲಸ ನಿಲ್ಲಿಸಲು ಸನ್ನೆ ಮಾಡಿದರು, ಬಿಸಿಲು ಬಿದ್ದೀತೆಂದು ಬಿಲದ ಮೇಲೆ ಕೊಡೆ ಹಿಡಿದರು. ನಾನು ಪಿಸುಗುಟ್ಟಿದ್ದಕ್ಕೆ ಪರೀಕ್ಷೆಯ ಕೋಣೆಯಲ್ಲಿ ನೋಡುವ ಹಾಗೆ ನೋಡಿದರು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಪೈಲ್ವಾನವ್ವ ಹೊರಗೆ ಬಂದಳು. ಖಾಲಿಯಾದ ಚೀಲದ ಹಾಗೆ ಹೊಟ್ಟೆ ಜೋತಿತ್ತು. ಬಿಲಕ್ಕೆ ಉಸುಕು ಎಳೆದು ಮುಚ್ಚಿದಳು, ನೀರು ಕುಡಿದಳು, ಕಾಕುನ ಕೈಯಿಂದ ಒಂದು ದಾಸವಾಳ ತಿಂದಳು. ಮೂಡಲಗಿಗೆ ಫೋನು ಮಾಡಿದೆವು. ತಿಂದಳೆಂದರೆ ಗೆದ್ದಳು, ಬೆಳಗಾವಿ ಬೇಡ, ಎಲ್ಲವನ್ನೂ ಇಟ್ಟಳೋ ಇಲ್ಲವೋ ಮತ್ತೊಂದು ಎಕ್ಸ್‌ರೇ ತೆಗೆಸಿ ಎಂದರು ಡಾಕ್ಟರು. ಗಾಡಿ ತಿರುಗಿ ಕಳಿಸಿದೆವು. ಕಣ್ಣಿಗೆ ಉಸುಕು ಬಿತ್ತು ಎಂದೆ ನಾನು. ಮುಂದೆ ಉಸುಕು ಇದ್ದದ್ದಕ್ಕೆ ಎಲ್ಲರೂ ನಂಬಿದರು.

ನಾನು ಹೇಳಲಿಲ್ಲವೇ ಎಂದರು ಅತ್ತೆ. ತನ್ನ ತವರುಮನೆ ಆಕೆಯೇ ಹುಡುಕಿಕೊಂಡಳು, ಇನ್ನು ಮುಂದೆ ಇದೇ ಮನೆ. ಕಾಕು ಆಗಲೇ ಉಡಿ ತುಂಬಲು ಖಣ ಹುಡುಕುತ್ತ ಒಳಗೆ ಹೋಗಿದ್ದರು. ಕಾಕಾ ಕೊಡೆ ಮಡಚಿದರು, ಆಮೇಲೆ ನನ್ನ ಗಂಡನನ್ನು ಕೈ ಹಿಡಿದು ಒಂದು ಕಡೆ ಕರೆದೊಯ್ದರು.

"ತವರುಮನಿ ಆಗಾಕ ನನ್ನ ತಕರಾರೇನಿಲ್ಲಪಾ. ಬಾಣಂತನಾನೂ ಛೊಲೊ ಮಾಡಿ ಕಳಸ್ತೇವಿ," ಎಂದು ದನಿ ತಗ್ಗಿಸಿದರು. "ಖರೆ, ನಾಳೆ ಓಣ್ಯಾಗ ಮಂದಿ ಕೇಳತಾರ. ಅಳಿಯಾ ಯಾರು?"