ಹೂಂ ಅಂದವನ ಪಾಲು

ಹದಿನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದ ಮಧುಕುಮಾರ್ ಕೊನೆಗೂ ಬಾಯಿ ತೆರೆದು ಮಾಡಿದ ಆಲ್ಬಮ್ಮಿನಲ್ಲಿ, ಅದೂ ಬಿಡುಗಡೆಯ ದಿನ ಬೆಳಿಗ್ಗೆ ಏಳು ಗಂಟೆಗೆ, ಬೇರೆ ಯಾರೋ "ಹೂಂ" ಅಂದರು.

ನಂಜನಗೂಡಿನ ಬಾಡಿಗೆ ಮನೆಯ ಮಹಡಿಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅವನು ತನ್ನ ಹಾಡುಗಳನ್ನು ಕೊನೆಯ ಸಲ ಕೇಳುತ್ತ ಕೂತಿದ್ದ. ಸಂಜೆ ನಾಲ್ಕಕ್ಕೆ ನರಸೀಪುರದಲ್ಲಿ ಬಿಡುಗಡೆ. ಮೊದಲನೇ ಹಾಡು ಶುರುವಾಯಿತು.

"ಹದಿನಾಕು ವರ್ಷ ನಾ ಬಾಯ್ ಮುಚ್ಚಿ ಕುಂತೆ,
ಬಾಗ್ಲಾಕಿದ್ ಮನೇಲಿ ದೀಪ ಉರಿದಂತೆ."

"ಹೂಂ."

"ಈಗ ಎದ್ದು ಬಂದೆ, ಯಾರ ಹಂಗೂ ಇಲ್ಲ,
ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ."

"ಹೂಂ."

ಮಧುಕುಮಾರ್ ಹೆಡ್‌ಫೋನ್ ಕಿತ್ತು ಹಿಂದೆ ತಿರುಗಿ ನೋಡಿದ. ಹಾಡಿನಲ್ಲಿ ಹೇಳಿದ ಹಾಗೆಯೇ ಹಿಂದೆ ಯಾರೂ ಇರಲಿಲ್ಲ. ಹಗ್ಗದ ಮೇಲೆ ಅವನದೇ ಬನಿಯನ್ ಒಣಗುತ್ತಿತ್ತು.

"ಸುನೀತಾ, ಏನಾದ್ರೂ ಅಂದ್ಯಾ?"

ಅಡುಗೆಮನೆಯಿಂದ ಹೆಂಡತಿ ಕೂಗಿದಳು. "ನಿಮ್ಮ ಮಾತಿಗೆ ನಾನು ಹೂಂ ಅಂದು ಎಷ್ಟು ವರ್ಷ ಆಯ್ತು, ನೆನಪಿದ್ಯಾ?"

ಅದೂ ನಿಜವೇ. ಮಧುಕುಮಾರ್ ಈ ಸಲ ಹೆಡ್‌ಫೋನ್ ಇಲ್ಲದೆ, ಜೋರಾಗಿ ಹಾಕಿ ಕೇಳಿದ. ಪ್ರತಿ ಎರಡು ಸಾಲಿಗೊಮ್ಮೆ "ಹೂಂ". ಗಡುಸಾದ ಗಂಟಲು, ಸ್ವಲ್ಪ ಸೋಮಾರಿತನ. ಅಷ್ಟರಲ್ಲಿ ಕೆಳಗಿನ ಮನೆಯ ಒಡತಿ ವಿಶಾಲಮ್ಮ ನೀರಿನ ಮೋಟರಿನ ತಕರಾರು ಹೇಳಲು ಮೆಟ್ಟಿಲು ಹತ್ತಿ ಬಂದವರು ಬಾಗಿಲಲ್ಲೇ ನಿಂತರು.

"ಇದು ನಿನ್ ಜೊತೆಗಾರ ಬೆಟ್ಟಸ್ವಾಮಿ ಅಲ್ವೇನಪ್ಪ? ಬಾಯ್ತುಂಬ ಎಲೆಅಡಿಕೆ ಮಡಿಕ್ಕೊಂಡು ನಮ್ಮ ತಾರಸಿ ಮೇಲೆ ಊಂ ಊಂ ಅಂತಿದ್ದನಲ್ಲ!"

"ಅವನು ತೀರ್ಕೊಂಡು ಎರಡು ವರ್ಷ ಆಯ್ತಲ್ಲ, ವಿಶಾಲಮ್ಮ."

"ಅದ್ಕೇ ಕೇಳ್ದೆ," ಎಂದರು ವಿಶಾಲಮ್ಮ. ಮೋಟರಿನ ವಿಷಯ ಮರೆತೇಹೋಯಿತು.

ಒಂದು ಕಾಲದಲ್ಲಿ ಈ ಸೀಮೆಯ ಕಾಲೇಜುಗಳಲ್ಲೆಲ್ಲ 'ಎರಡು ಹೊಳೆ' ಎಂಬ ಜೋಡಿಯ ಹೆಸರು ಗೊತ್ತಿಲ್ಲದವರಿರಲಿಲ್ಲ. ನಂಜನಗೂಡಿನ ಮಧುಕುಮಾರ್ ಕಪಿಲೆ, ನರಸೀಪುರದ ಬೆಟ್ಟಸ್ವಾಮಿ ಕಾವೇರಿ. ಕಪಿಲೆ ಕಾವೇರಿಗೆ ಸೇರುವುದು ನರಸೀಪುರದಲ್ಲೇ. ಮಧುಕುಮಾರ್ ಪುಟಗಟ್ಟಲೆ ಬರೆದು, ಬಾಯಿಪಾಠ ಮಾಡಿ, ಬೆವರು ಸುರಿಸಿ ರ‍್ಯಾಪ್ ಹೇಳುತ್ತಿದ್ದ. ಬೆಟ್ಟಸ್ವಾಮಿ ಪಕ್ಕದಲ್ಲಿ ಕೈಕಟ್ಟಿ ನಿಂತು, ಕತೆ ಹೇಳುವ ಅಜ್ಜಿಗೆ ಮೊಮ್ಮಕ್ಕಳು ಹೂಂಗುಟ್ಟುವಂತೆ, ಎರಡು ಸಾಲಿಗೊಮ್ಮೆ "ಹೂಂ" ಅನ್ನುತ್ತಿದ್ದ. ಚಪ್ಪಾಳೆಯೆಲ್ಲ ಆ ಹೂಂಗೆ. ನರಸೀಪುರದ ಒಂದು ಕಾರ್ಯಕ್ರಮದಲ್ಲಂತೂ ಜನ ಮಧುಕುಮಾರನ ಸಾಲು ಮುಗಿಯುವ ಮೊದಲೇ ಒಟ್ಟಾಗಿ "ಹೂಂ, ಹೂಂ" ಎಂದು ಕುಣಿದುಬಿಟ್ಟರು. ವೇದಿಕೆಯಿಂದ ಇಳಿಯುತ್ತ ಬೆಟ್ಟಸ್ವಾಮಿ ಹೆಗಲ ಮೇಲೆ ಕೈ ಹಾಕಿ, "ನಿನ್ ಹೊಳೆ ನಮ್ಮೂರಿಗೆ ಬಂದ್ಮೇಲೆ ಹೆಸರು ಕಳ್ಕೊತದೆ ಕಣ್ಲಾ" ಎಂದು ನಕ್ಕಿದ್ದ. ಮಧುಕುಮಾರ್ ಅವತ್ತೇ ಜೋಡಿ ಮುರಿದ. ಹಾಡೂ ಬಿಟ್ಟ. ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್ ಕೆಲಸ ಹಿಡಿದ. ಎರಡು ವರ್ಷದ ಹಿಂದೆ ಬೆಟ್ಟಸ್ವಾಮಿ ಕಾಮಾಲೆಯಿಂದ ಸತ್ತಾಗ, ಲೋಡು ಬಂದಿದೆ ಎಂಬ ನೆಪ ಹೇಳಿ ಮಣ್ಣಿಗೂ ಹೋಗಲಿಲ್ಲ.

ಈಗ ನಲವತ್ತಾರನೇ ವಯಸ್ಸಿನಲ್ಲಿ ಅವನಿಗೆ ಉಳಿದಿದ್ದ ಆಸೆ ಒಂದೇ. ಬೇರೆಯವರ ಹೂಂ ಇಲ್ಲದೆ, ಅದೇ ನರಸೀಪುರದ ಜನ ತನ್ನ ಮಾತನ್ನು ಕೇಳಬೇಕು, ಒಂದು ಸಲವಾದರೂ ತನ್ನ ಹೆಸರಿಗೆ ಚಪ್ಪಾಳೆ ತಟ್ಟಬೇಕು. ಅದಕ್ಕೇ ಆಲ್ಬಮ್ಮಿಗೆ 'ಒಂದೇ ಹೊಳೆ' ಎಂದು ಹೆಸರಿಟ್ಟಿದ್ದ.

ಎದ್ದುಬಿದ್ದು, ಹಾಡುಗಳನ್ನು ರೆಕಾರ್ಡ್ ಮಾಡಿದ್ದ ಅಮೃತೇಶನ ಸ್ಟುಡಿಯೋಗೆ ಓಡಿದ. ಸ್ಟುಡಿಯೋ ಅಂದರೆ ಮೊಬೈಲ್ ಅಂಗಡಿಯ ಹಿಂದಿನ ಕೋಣೆ, ಸದ್ದು ತಡೆಯಲು ಗೋಡೆಗೆಲ್ಲ ಮೊಟ್ಟೆ ಟ್ರೇ.

"ನಾನು ಹಾಕಿದ್ದು ಒಂದೇ ಮೈಕು, ಒಳಗಿದ್ದೋರು ನೀವೊಬ್ರೇ ಸಾ," ಎಂದ ಅಮೃತೇಶ್. ಕಂಪ್ಯೂಟರಿನಲ್ಲಿ ಹಾಡು ತೆಗೆದು, ಮೂವತ್ತೇಳು ಹೂಂಗಳನ್ನು ಒಂದೊಂದಾಗಿ ಆರಿಸಿ ಅಳಿಸಿದ. ಮತ್ತೆ ಹಾಕಿದ. ಮೂವತ್ತೇಳೂ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಕೊನೆಯದರ ಬೆನ್ನಿಗೆ ಒಂದು ಕೆಮ್ಮು ಹೊಸದಾಗಿ ಸೇರಿತ್ತು, ಯಾರನ್ನೋ ನಿದ್ದೆಯಿಂದ ಎಬ್ಬಿಸಿದರೆ ಕೆಮ್ಮುತ್ತಾರಲ್ಲ, ಹಾಗೆ.

ಅಮೃತೇಶ್ ಮೌಸಿನಿಂದ ಕೈ ತೆಗೆದ. "ಸಾ, ನಾನು ಭಜನೆ, ಆರ್ಕೆಸ್ಟ್ರಾ ಮಾಡ್ಕೊಂಡಿರೋನು. ಇದು ನನ್ ಕೈಲಿ ಆಗೋ ಕೆಲ್ಸ ಅಲ್ಲ."

"ಬೈದಂಗಿತ್ತಲ್ವಾ ಆ ಕೆಮ್ಮು?"

"ಬೈದಿದ್ದು ನಿಮ್ಗೆ ಸಾ. ನನ್ನನ್ನ ಇದ್ರಲ್ಲಿ ಸೇರಿಸ್ಬೇಡಿ. ನಾನು ಸ್ಪೀಕರು ತಗೊಂಡು ನಾಲ್ಕಕ್ಕೆ ಬತ್ತೀನಿ, ಅಷ್ಟೇ."

ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಮನೆಗೆ ಬರುವಷ್ಟರಲ್ಲಿ ವಿಶಾಲಮ್ಮ ಗೇಟಿನಲ್ಲೇ ಪರಿಹಾರ ಹಿಡಿದು ನಿಂತಿದ್ದರು. ಅವರ ಗಂಡನ ಮನೆಯಲ್ಲಿ ಮೂರು ತಲೆಮಾರು ಭಾಗವಾಗಿ, ಬಾವಿಯನ್ನೂ ಪಾಲು ಮಾಡಿದ ಅನುಭವ ಅವರದು.

"ನಿಮ್ಮಿಬ್ಬರಿಗೂ ಭಾಗ ಆಗಿಲ್ಲ ಕಣಪ್ಪ. ಜೊತೇಲಿ ದುಡ್ದು ಎಸ್ರು ಮಾಡುದ್ರಿ, ಮುನಿಸ್ಕೊಂಡು ಎದ್ದೋದೆ. ಅವನ ಪಾಲು ಅವನಿಗೆ ಕೊಟ್ಯಾ? ಕೊಡ್ಲಿಲ್ಲ. ಅವನು ಎಲ್ಲಿಗೋಗ್ತಾನೆ?"

"ಹಾಡನ್ನ ಹೆಂಗೆ ಭಾಗ ಮಾಡೋದು?"

"ಜಮೀನು ಮಾಡ್ದಂಗೇಯ. ದೊಡ್ಡೋನು ಎರಡು ಪಾಲು ಮಾಡ್ಬೇಕು, ಚಿಕ್ಕೋನು ಮೊದಲು ಆರಿಸ್ಕೋಬೇಕು. ನಿಮ್ಮಲ್ಲಿ ದೊಡ್ಡೋನು ಯಾರು?"

"ನಾನು. ಎಂಟು ತಿಂಗಳಿಗೆ."

"ಅವನ ಮನೆಗೋಗಿ ಫೋಟೋ ಮುಂದೆ ಎರಡು ಪಾಲು ಮಡಗು. ಮೇಲೊಂದು ಊವ ಇಡು. ಯಾವುದ್ರ ಮೇಲೆ ಬೀಳ್ತದೋ ಅದು ಅವನ್ದು. ಮಿಕ್ಕಿದ್ದು ನಿಂದು." ವಿಶಾಲಮ್ಮ ದನಿ ತಗ್ಗಿಸಿದರು. "ಮೋಸ ಮಾತ್ರ ಮಾಡ್ಬೇಡ. ನಮ್ ಮಾವನ ತಮ್ಮ ಬಾವೀಲಿ ಮೋಸ ಮಾಡ್ದ. ಇವತ್ಗೂ ಅವರ ಕಡೆ ಮೋಟ್ರು ಎತ್ತಲ್ಲ."

ನರಸೀಪುರದ ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ. ಮಧುಕುಮಾರ್ ಕಿಟಕಿ ಪಕ್ಕದ ಜಾಗ ಬಿಟ್ಟು ಈಚೆ ಕೂತ. ಯಾಕೆ ಬಿಟ್ಟೆನೆಂದು ಅವನಿಗೇ ಗೊತ್ತಾಗಲಿಲ್ಲ. ಹೊರಗೆ ಭತ್ತದ ಗದ್ದೆಗಳು ಬಿಸಿಲಿನಲ್ಲಿ ಅಲ್ಲಾಡದೆ ನಿಂತಿದ್ದವು. ಕಂಡಕ್ಟರು ಬಂದು ಎರಡು ಟಿಕೆಟ್ ಹರಿದ.

"ಒಂದೇ ಸಾಕು ಸಾರ್. ನಾನೊಬ್ಬನೇ."

ಕಂಡಕ್ಟರು ಕಿಟಕಿ ಕಡೆ ನೋಡಿದ, ಟಿಕೆಟ್ ಕಡೆ ನೋಡಿದ. "ಈಗ ತಾನೇ ಎಲೆ ಉಗೀಬೇಡಿ ಅಂತ ಅವರಿಗೆ ಹೇಳ್ದೆ. ಹೂಂ ಅಂದ್ರು."

ಮಧುಕುಮಾರ್ ಪಕ್ಕದ ಸೀಟಿನ ಮೇಲೆ ಮೆಲ್ಲನೆ ಕೈ ಇಟ್ಟ. ಬೆಚ್ಚಗಿತ್ತು. ಬಿಸಿಲಿಗೆ ಇರಬಹುದು. ಆದರೆ ಬಿಸಿಲು ಬೀಳುತ್ತಿದ್ದುದು ಬಸ್ಸಿನ ಇನ್ನೊಂದು ಕಡೆಗೆ. ಅವನು ಎರಡೂ ಟಿಕೆಟ್ ತೆಗೆದುಕೊಂಡ. ಭಯದಲ್ಲಿ ಮನುಷ್ಯ ಧಾರಾಳಿಯಾಗುತ್ತಾನೆ.

ಬೆಟ್ಟಸ್ವಾಮಿಯ ಹೆಂಡತಿ ಮಂಗಳಗೌರಿ ಬಾಗಿಲಲ್ಲೇ ಗುರುತು ಹಿಡಿದಳು. "ಬನ್ನಿ ಅಣ್ಣ. ಎರಡು ವರ್ಷ ಆದ್ಮೇಲೆ ದಾರಿ ಸಿಕ್ತಾ?"

ಅವಳು ಬೈದಿದ್ದರೆ ಚೆನ್ನಾಗಿತ್ತು. ಅವಳು ಕುರ್ಚಿ ಒರೆಸಿ ಕೊಟ್ಟಳು. ಗೋಡೆಯ ಮೇಲೆ ಬೆಟ್ಟಸ್ವಾಮಿಯ ಫೋಟೋ, ಕೆಳಗೊಂದು ಸಣ್ಣ ಮೇಜು. ಮಧುಕುಮಾರ್ ತೊದಲುತ್ತ ಬಂದ ಕಾರಣ ಹೇಳಿದ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಕೊನೇವರೆಗೂ ನಿಮ್ ಮಾತೇ ಆಡ್ತಿದ್ರು. 'ಮಧುಗೆ ಎರಡು ಸಾಲಿಗೇ ಉಸಿರು ಕಟ್ತದೆ. ಜನಕ್ಕೆ ಗೊತ್ತಾಗ್ದಿರ್ಲಿ ಅಂತ ನಾನು ಹೂಂ ಅಂತಿದ್ದೆ. ಅಷ್ಟರಲ್ಲಿ ಒಂದು ಉಸಿರು ಎಳ್ಕೊತಿದ್ದ. ಈಗ ಒಬ್ನೇ ಹೆಂಗಾಡ್ತಾನೋ' ಅಂತಿದ್ರು."

ತನ್ನ ಚಪ್ಪಾಳೆ ಕದ್ದವನೆಂದು ಮಧುಕುಮಾರ್ ಹದಿನಾಲ್ಕು ವರ್ಷ ದ್ವೇಷಿಸಿದ್ದ ಗೆಳೆಯನೇ ಅವನ ಮಾನ ಕಾದಿದ್ದ. ಅವನಿಗೆ ನಿಜವಾಗಿ ನಾಚಿಕೆಯಾಯಿತು. ಕಣ್ಣೂ ತುಂಬಿತು.

ಆದರೆ ಗಡಿಯಾರದಲ್ಲಿ ಮೂರು ಗಂಟೆಯಾಗಿತ್ತು.

ಮಂಗಳಗೌರಿ ಕಾಫಿಗೆಂದು ಒಳಗೆ ಹೋದಳು. ಮಧುಕುಮಾರ್ ಮೇಜಿನ ಎಡಗಡೆ, ಜೊತೆಗೆ ತಂದಿದ್ದ 'ಎರಡು ಹೊಳೆ'ಯ ಹಳೇ ಸಿ.ಡಿ. ಇಟ್ಟ, ಬಲಗಡೆ ಪೆನ್‌ಡ್ರೈವ್. ಫೋಟೋದ ಚೌಕಟ್ಟಿನ ಮೇಲಂಚಿನ ನಟ್ಟನಡುವೆ ಒಂದು ಹಳದಿ ಸೇವಂತಿಗೆ ಇಟ್ಟು ಕೈಮುಗಿದ.

"ಬೆಟ್ಟ, ದೊಡ್ಡೋನು ನಾನು ಪಾಲು ಮಾಡಿದೀನಿ. ಹಳೇ ಹಾಡು, ಹಳೇ ಹೆಸರು, ಹಳೇ ಚಪ್ಪಾಳೆ ಎಲ್ಲಾ ಎಡಗಡೆ ಐತೆ. ಹೊಸಾದು ಬಲಗಡೆ. ಹಳೇದೇ ಒಳ್ಳೇ ಪಾಲು ಕಣೋ. ಚಿಕ್ಕೋನು ನೀನು ಆರಿಸ್ಕೋ."

ಕರೆಂಟ್ ಇರಲಿಲ್ಲ. ಫ್ಯಾನು ನಿಂತಿತ್ತು. ಹೂ ಅಲುಗಿತು. ಚೌಕಟ್ಟಿನ ಎಡ ತುದಿಯ ತನಕ ಇರುವೆಯ ಹಾಗೆ ನಿಧಾನವಾಗಿ ಸರಿಯಿತು. ತುದಿಯಲ್ಲಿ ಒಂದು ಕ್ಷಣ ನಿಂತ ಹೂ, ಬಂದ ದಾರಿಯಲ್ಲೇ ಹಿಂತಿರುಗಿ ಅಷ್ಟುದ್ದಕ್ಕೂ ಸರಿದು, ಪೆನ್‌ಡ್ರೈವಿನ ಮೇಲೆ ತೊಪ್ಪನೆ ಬಿತ್ತು.

ಮಧುಕುಮಾರ್ ಅಡುಗೆಮನೆಯ ಬಾಗಿಲು ನೋಡಿದ. ಯಾರೂ ಇಲ್ಲ. ಎರಡು ಬೆರಳಲ್ಲಿ ಹೂವನ್ನೆತ್ತಿ ಸಿ.ಡಿ. ಮೇಲೆ ಇಟ್ಟುಬಿಟ್ಟ. 'ಫ್ಯಾನ್ ಗಾಳಿ' ಎಂದು ತನಗೆ ತಾನೇ ಹೇಳಿಕೊಂಡ. ನಿಂತ ಫ್ಯಾನು ಅದನ್ನು ಕೇಳಿಸಿಕೊಂಡು ಸುಮ್ಮನಿತ್ತು. ಫೋಟೋದೊಳಗೆ ಬೆಟ್ಟಸ್ವಾಮಿಯ ಒಂದು ಕೆನ್ನೆ, ಆಗತಾನೇ ಎಲೆಅಡಿಕೆ ಹಾಕಿಕೊಂಡವನ ಕೆನ್ನೆಯಂತೆ, ಉಬ್ಬಿದ ಹಾಗೆ ಕಂಡಿತು.

ಮಂಗಳಗೌರಿ ಕಾಫಿ ತಂದಳು. "ಎಲ್ಲಿ ಬಿತ್ತಣ್ಣ?"

"ಸಿ.ಡಿ. ಮೇಲೆ."

ಅವಳು ಪೆನ್‌ಡ್ರೈವ್ ನೋಡಿದಳು. ಅದರ ಮೇಲೆ ಎರಡು ಹಳದಿ ಎಸಳು ಅಂಟಿಕೊಂಡಿದ್ದವು. ಎಸಳುಗಳನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡು, "ಹಂಗಾದ್ರೆ ಸರಿ. ಅವರ ಪಾಲು ಅವರು ತಗೋತಾರೆ ಬಿಡಿ" ಎಂದಳು.

ಸಮುದಾಯ ಭವನದ ಕಿಟಕಿಯಿಂದ ನೋಡಿದರೆ ಎರಡೂ ಹೊಳೆ ಕೂಡುವ ಜಾಗ ಕಾಣುತ್ತಿತ್ತು. ಅಮೃತೇಶ್ ಸ್ಪೀಕರ್ ಕಟ್ಟಿ, ಜನ ಬರುವ ಮೊದಲು ಪೆನ್‌ಡ್ರೈವ್ ಹಾಕಿ ಪರೀಕ್ಷೆ ಮಾಡಿದ. ಮೊದಲ ಹಾಡು ಮಧುಕುಮಾರನ ದನಿಯಲ್ಲಿ ಪೂರ್ತಿ ಕೇಳಿಸಿತು. ಒಂದೇ ಒಂದು ಹೂಂ ಇಲ್ಲ.

"ಹೋಯ್ತು ಸಾ! ಕ್ಲೀನಾಗದೆ!"

ಮಧುಕುಮಾರ್ ಅವನನ್ನು ತಬ್ಬಿಕೊಂಡುಬಿಟ್ಟ. ವಿಶಾಲಮ್ಮನ ಮಾತು ಬರೀ ಹೆದರಿಕೆ, ಸತ್ತವರಿಗೆ ಎಡ ಬಲ ಎಲ್ಲಿ ಗೊತ್ತಾಗುತ್ತದೆ, ಅನ್ನಿಸಿತು. ನಾಲ್ಕು ಗಂಟೆಗೆ ಭವನ ತುಂಬಿತು. ಹಳೇ ಕಾಲೇಜಿನ ಹುಡುಗರೆಲ್ಲ ಹೊಟ್ಟೆ ಬೆಳೆಸಿಕೊಂಡು ಸಂಸಾರ ಸಮೇತ ಬಂದಿದ್ದರು. ಮುಂದಿನ ಸಾಲಿನಲ್ಲಿ ಮಂಗಳಗೌರಿ. ಮುಖ್ಯ ಅತಿಥಿ ನಿವೃತ್ತ ಮೇಷ್ಟ್ರು ಮಹಾದೇವಸ್ವಾಮಿ, ಕೈಯಲ್ಲಿ ಶಾಲು ಹಿಡಿದು ದೀರ್ಘವಾಗಿ ಮಾತಾಡಿ, "ಈಗ ನಮ್ಮ ಮಧುಕುಮಾರ್ ಅವರ ಒಂಟಿ ದನಿಯನ್ನು ಕೇಳೋಣ" ಎಂದರು.

ಸಂಗೀತ ಶುರುವಾಯಿತು. ಮಧುಕುಮಾರನ ಮೊದಲ ಸಾಲಿನ ಜಾಗ ಬಂತು. ಸಾಲು ಬರಲಿಲ್ಲ. ಎರಡನೇ ಸಾಲಿನ ಜಾಗವೂ ಖಾಲಿಯಾಗಿ ಹೋಯಿತು. ಆಮೇಲೆ ಭವನದ ನಾಲ್ಕೂ ಗೋಡೆ ನಡುಗುವಂತೆ ಬಂತು:

"ಹೂಂ."

ಮತ್ತೆ ಎರಡು ಖಾಲಿ ಸಾಲು, ಮತ್ತೆ "ಹೂಂ." ಹಿಂದಿನಿಂದ ಯಾರೋ, "ಲೇ, ನಮ್ ಬೆಟ್ಟಸ್ವಾಮಿ ಕಣ್ರೋ!" ಎಂದು ಅಳುವ ದನಿಯಲ್ಲಿ ಕೂಗಿದರು. ಮೂರನೆಯದಕ್ಕೆ ಜನರೂ ದನಿ ಸೇರಿಸಿದರು. ಹೊಟ್ಟೆ ಬೆಳೆಸಿದವರೆಲ್ಲ ಎದ್ದು ನಿಂತಿದ್ದರು.

ಮಧುಕುಮಾರ್ ಅಮೃತೇಶನ ಬಳಿ ಹಾರಿದ. ಅಮೃತೇಶನ ಮುಖ ಸುಣ್ಣದಂತಾಗಿತ್ತು. "ನಿಮ್ ದನೀನೇ ಇಲ್ಲ ಸಾ. ಹತ್ತೂ ಹಾಡು ನೋಡ್ದೆ. ಬರೀ ಅವರೇ ಅವ್ರೆ."

ಸರಿ, ದನಿ ಇಲ್ಲದಿದ್ದರೆ ಏನಾಯಿತು, ಗಂಟಲಿದೆಯಲ್ಲ! ಮಧುಕುಮಾರ್ ಮೈಕು ಕಿತ್ತುಕೊಂಡು, ಎದೆಯುಬ್ಬಿಸಿ, ಹದಿನಾಲ್ಕು ವರ್ಷದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಲು ಬಾಯಿ ತೆರೆದ.

"ಹೂಂ," ಎಂದ.

ಬೆಚ್ಚಿ ಬಾಯಿ ಮುಚ್ಚಿದ. ಇನ್ನೊಮ್ಮೆ ತೆರೆದ. ತನ್ನ ಹೆಸರು ಹೇಳಲು ನೋಡಿದ. "ಹೂಂ." ಕಾಪಾಡಿ ಎನ್ನಲು ನೋಡಿದ. "ಹೂಂ, ಹೂಂ." ಜೀವಮಾನದಲ್ಲಿ ಎಲೆ ಹಾಕದವನ ನಾಲಿಗೆಯ ಮೇಲೆ ಸುಣ್ಣ ಚುರುಗುಟ್ಟಿತು.

ಹಾಡು ಮುಗಿಯಿತು. ಮಹಾದೇವಸ್ವಾಮಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೋಡಿ ಬಂಧುಗಳೇ, ಎಂಥಾ ಸ್ನೇಹ! ಹದಿನಾಲ್ಕು ವರ್ಷದ ಮೇಲೆ ವಾಪಸ್ ಬಂದೋರು, ತಮ್ಮ ದನೀನೇ ತೆಗೆದುಹಾಕಿ, ತೀರಿಕೊಂಡ ಗೆಳೆಯನ ದನಿ ಒಂದನ್ನೇ ಉಳಿಸಿದ್ದಾರೆ. ದುಃಖದಲ್ಲಿ ಮಾತೂ ಹೊರಡ್ತಿಲ್ಲ ಪಾಪ." ಮಧುಕುಮಾರನ ಹೆಗಲಿಗೆಂದು ತಂದಿದ್ದ ಶಾಲನ್ನು ವೇದಿಕೆ ಇಳಿದು ಹೋಗಿ ಮಂಗಳಗೌರಿಗೆ ಹೊದಿಸಿದರು.

ಅವಳು ಎದ್ದು ನಿಂತಳು. ಅಂಗೈಯಲ್ಲಿ ಎರಡು ಹಳದಿ ಎಸಳು ಇನ್ನೂ ಇದ್ದವು. ಮಧುಕುಮಾರನನ್ನೇ ನೋಡುತ್ತ, ಮೈಕಿಗೂ ಕೇಳುವಂತೆ, ಮೆತ್ತಗೆ ಕೇಳಿದಳು.

"ಅಣ್ಣ, ಹೂ ಬಿದ್ದಿದ್ದು ಈ ಪೆನ್‌ಡ್ರೈವ್ ಮೇಲೇ ತಾನೇ? ಇದು ಅವರ ಪಾಲೇ ತಾನೇ?"

ಭವನವೆಲ್ಲ ಕಾಯಿತು. ಮಧುಕುಮಾರ್ ಅಲ್ಲ ಎನ್ನಲು ಶಕ್ತಿಯೆಲ್ಲ ಸೇರಿಸಿ ಬಾಯಿ ತೆರೆದ.

"ಹೂಂ."