ಅಂಟು ಬಿಡಿಸುವ ಅಳಿಯ

ಬೇರೆಯವರ ಅಂಗಡಿಗೆ ಬರೀ ಗಿರಾಕಿ ಬರುತ್ತಾರೆ. ನನ್ನ ಅಂಗಡಿಗೆ ಗಿರಾಕಿ ಬಂದರೆ ಅವರ ಜೊತೆ ಒಂದು ಫಜೀತಿಯೂ ಕಾರಿನಿಂದ ಇಳಿದೇ ಇಳಿಯುತ್ತದೆ. ವಾರಕ್ಕೊಂದಾದರೂ ತಪ್ಪಿದ್ದಲ್ಲ.

ನನ್ನ ಕೆಲಸ ಇಷ್ಟೇ. ಕಾರಿನ ಮೈಗೆ ಅಂಟಿಸಿದ್ದನ್ನು ಬಣ್ಣಕ್ಕೆ ಗಾಯವಾಗದಂತೆ ಬಿಡಿಸುವುದು. ಹೊಸ ಕಾರು ಕೊಡುವಾಗ ಶೋರೂಮಿನವರು ಡಿಕ್ಕಿಯ ಮೇಲೆ ತಮ್ಮ ಹೆಸರಿನ ಬ್ಯಾಡ್ಜು ಮೆತ್ತಿ ಕಳಿಸುತ್ತಾರಲ್ಲ, ಅದು. ಹಳೇ ಮಾಲೀಕರು ಪ್ರೀತಿಯಿಂದ ಅಂಟಿಸಿದ ಸ್ಟಿಕ್ಕರು, ಅದು. ಕಿತ್ತ ಮೇಲೆ ಉಳಿದು ಧೂಳು ತಿಂದು ಕಪ್ಪಾದ ಗಮ್ಮು, ಅದೂ. ಭದ್ರಾವತಿಯ ಒಂದು ಗ್ಯಾರೇಜಿನಲ್ಲಿ ಹದಿನಾರು ವರ್ಷ ಪೇಂಟ್ ಹೊಡೆದವನು ನಾನು. ಜನ ಬ್ಲೇಡಿನಲ್ಲಿ ಕೆರೆದು, ಥಿನ್ನರ್ ಸುರಿದು ಹಾಳು ಮಾಡಿ ತರುತ್ತಿದ್ದ ಕಾರುಗಳನ್ನು ನೋಡಿ ನೋಡಿ ಹೊಟ್ಟೆ ಉರಿದು, ಕೊನೆಗೆ ಶಿವಮೊಗ್ಗದ ರವೀಂದ್ರನಗರದಲ್ಲಿ ಒಂದು ಶೆಡ್ಡು ಹಿಡಿದು ಬೋರ್ಡು ಹಾಕಿದೆ.

ಇದನ್ನು ಒಪ್ಪದವರು ಒಬ್ಬರೇ. ಹೊಳೆಹೊನ್ನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಮಾವನವರು.

"ಅಂಟ್ಸೋದು ಕೆಲ್ಸ, ಒಪ್ತೀನಿ. ಕೀಳೋದೂ ಒಂದು ಕೆಲ್ಸನಾ ಅಳಿಯಂದ್ರೆ? ನಮ್ಮ ಮೊಮ್ಮಗ ಬೇಡ ಅಂದ್ರೂ ಕೀಳ್ತಾನೆ," ಅಂದರು. "ದೀಪಾವಳಿವರೆಗೆ ನೋಡಿ. ಆಮೇಲೆ ಸುಮ್ನೆ ಬಂದು ನಮ್ಮಂಗಡೀಲಿ ಕೂತ್ಕೊಳ್ಳಿ."

ಅವರ ಮನಸ್ಸು ಕೆಟ್ಟದ್ದಲ್ಲ. ಆದರೆ ಗೊಬ್ಬರದ ಮೂಟೆಗಳ ನಡುವೆ ಕೂರುವುದನ್ನು ನೆನೆಸಿಕೊಂಡರೇ ನನಗೆ ಸೀನು ಬರುತ್ತಿತ್ತು. ಹೇಗಾದರೂ ಮಾಡಿ ಈ ಶೆಡ್ಡನ್ನು ಉಳಿಸಿಕೊಳ್ಳಬೇಕಿತ್ತು.

ಬಾಣಂತನ

ಬ್ಯಾಡ್ಜಿನ ಹಿಂದಿನ ಅಂಟು ಹದವಾದ ಬಿಸಿಗೆ ಮೆತ್ತಗಾಗುತ್ತದೆ. ಅದಕ್ಕೆ ತಲೆ ಒಣಗಿಸುವ ಹೇರ್ ಡ್ರೈಯರೇ ಸಾಕು. ಮೊದಲ ವಾರ ಹೆಂಡತಿಯದನ್ನೇ ತಂದಿದ್ದೆ.

ಒಂದು ಬೆಳಿಗ್ಗೆ ಕಾರಿನ ಹಿಂಭಾಗ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬಿಸಿ ಗಾಳಿ ಬಿಡುತ್ತಾ, ಅತಿಯಾಯಿತೇನೋ ಎಂದು ಆಗಾಗ ಅಂಗೈ ಇಟ್ಟು ನೋಡುತ್ತಿದ್ದೆ. ಎದುರು ಮನೆಯ ಅಜ್ಜಿ ಸೊಪ್ಪಿನ ಕಟ್ಟು ಹಿಡಿದುಕೊಂಡು ಬಂದು ನಿಂತರು.

"ಈಗ ತಾನೆ ಸ್ನಾನ ಆಯ್ತಾ ಇದಕ್ಕೆ?"

"ಹೌದಜ್ಜಿ."

"ಬೆನ್ನಿಗೆ ಶಾಖ ಕೊಡ್ತಾ ಇದೀಯಾ?"

"ಸ್ವಲ್ಪ ಬೆಚ್ಚಗಾಗ್ಬೇಕು ಅಜ್ಜಿ. ಅವಸರ ಮಾಡಿದ್ರೆ ಕೆಟ್ಟೋಗುತ್ತೆ."

ಅಜ್ಜಿಗೆ ಬಹಳ ಮೆಚ್ಚಿಗೆಯಾಯಿತು. "ನನ್ನ ಸೊಸೆ ಬಾಣಂತನದಲ್ಲಿ ನಂಗೂ ಇಷ್ಟು ತಾಳ್ಮೆ ಇರ್ಲಿಲ್ಲ ನೋಡು," ಎಂದು ಎರಡು ಹೆಜ್ಜೆ ಹೋದವರು ತಿರುಗಿ ನಿಂತು, ಕಾರಿನ ಎಡಬಲದ ಕನ್ನಡಿಗಳನ್ನು ತೋರಿಸಿದರು. "ಆ ಎರಡೂ ಕಿವಿಗೆ ಹತ್ತಿ ಇಡು ಮಾರಾಯ, ಗಾಳಿ ಜೋರಿದೆ."

ಫರ್ನೇಸಿನ ಮುಂದೆ ನಿಂತವರು

ಭದ್ರಾವತಿ ನ್ಯೂ ಟೌನಿನಿಂದ ಒಬ್ಬ ರಿಟೈರ್ಡ್ ಯಜಮಾನರು ಬಂದರು. ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಕಬ್ಬಿಣ ಕರಗಿಸಿದವರು. ಕೈ ಹಿಂದೆ ಕಟ್ಟಿಕೊಂಡು ನನ್ನ ಹೇರ್ ಡ್ರೈಯರನ್ನು ನೋಡಿದರು.

"ಎಷ್ಟು ಬಿಸಿ ಕೊಡ್ತೀಯ?"

"ಕೈ ಇಟ್ರೆ ತಡ್ಕೊಳ್ಳೋ ಅಷ್ಟು ಸಾರ್."

ಅವರು ನಕ್ಕ ರಭಸಕ್ಕೆ ಹಲ್ಲಿನ ಸೆಟ್ಟು ಅಲ್ಲಾಡಿತು. "ಅದು ಬಿಸಿನೇ ಅಲ್ಲ ತಂಬಿ. ಕಬ್ಬಿಣ ನೀರಾಗಿ ಹರಿಯೋದು ನೋಡಿರೋನು ನಾನು. ಈ ಪ್ಲಾಸ್ಟಿಕ್ ಯಾವ ಲೆಕ್ಕ?" ಎಂದವರೇ ಡಿಕ್ಕಿ ತೆಗೆದು ಬೆಂಕಿ ಉಗುಳುವ ಒಂದು ಬ್ಲೋ ಲ್ಯಾಂಪ್ ಹೊರಗೆ ತಂದರು. ಬೆಂಕಿಕಡ್ಡಿಯೂ ಜೇಬಿನಲ್ಲೇ ಇತ್ತು.

ನಾನು ಎರಡೂ ಕೈ ಅಗಲಿಸಿ ಕಾರಿಗೆ ಬೆನ್ನು ಕೊಟ್ಟು ನಿಂತೆ. "ಸಾರ್, ಮೊದ್ಲು ನನ್ನ ಸುಡಿ, ಆಮೇಲೆ ಕಾರು."

ಗೊಣಗುತ್ತಾ ಕುರ್ಚಿಯಲ್ಲಿ ಕೂತರು. ನಾನು ಬ್ಯಾಡ್ಜನ್ನು ಹದವಾಗಿ ಬೆಚ್ಚಗೆ ಮಾಡಿ, ಅದರ ಹಿಂದೆ ಮೀನಿನ ಗಾಳದ ದಾರ ತೂರಿಸಿ, ಎರಡೂ ತುದಿ ಹಿಡಿದು ಗರಗಸದಂತೆ ನಿಧಾನ ಆಡಿಸಿದೆ. ಐದು ನಿಮಿಷಕ್ಕೆ ಬ್ಯಾಡ್ಜು ಅಂಗೈಗೆ ಬಿತ್ತು. ಉಳಿದ ಅಂಟನ್ನು ಹೆಬ್ಬೆರಳಲ್ಲಿ ಉಂಡೆಗಟ್ಟಿಸಿ ತೆಗೆದೆ. ಬಣ್ಣ ಹಾಗೇ ಇತ್ತು.

ಯಜಮಾನರು ಎದ್ದು ಬಂದು ಸವರಿ ನೋಡಿದರು. ಇನ್ನೊಂದು ಸಲ ಸವರಿದರು.

"ಇದು ಮೊದ್ಲೇ ಗೊತ್ತಿರ್ಬೇಕಿತ್ತು," ಅಂದರು ಕೊನೆಗೆ. "ನಮ್ಮನೇಲಿ ಒಂದು ಫ್ರಿಜ್ಜಿತ್ತು. ಬಾಗ್ಲಿಗೆ ದೊಡ್ಡ ಸ್ಟಿಕ್ಕರ್ ಇತ್ತು. ಒಂದ್ಸಲ ಅದನ್ನ ತೆಗೆಯೋಕೆ ಹೋದೆ."

"ಸ್ಟಿಕ್ಕರ್ ಹೋಯ್ತಾ ಸಾರ್?"

"ಫ್ರಿಜ್ಜಿತ್ತು ಅಂದ್ನಲ್ಲ ತಂಬಿ."

ಆ ತಿಂಗಳು ನ್ಯೂ ಟೌನಿನಿಂದ ಇನ್ನೂ ಆರು ಕಾರುಗಳನ್ನು ಅವರೇ ಕಳಿಸಿದರು. ಸುದ್ದಿ ಹೊಳೆಹೊನ್ನೂರಿಗೂ ಮುಟ್ಟಿತು. "ಭದ್ರಾವತಿಯೋರಿಗೆ ಬೇರೆ ಕಸುಬಿಲ್ವಾ?" ಎಂದು ಮಾವನವರು ಫೋನಿನಲ್ಲಿ ಕೇಳಿದರು.

ಸುಮಾ

ಹೊಸದಾಗಿ ಮದುವೆಯಾದ ಒಬ್ಬ ಮೇಷ್ಟ್ರು ಸೆಕೆಂಡ್ ಹ್ಯಾಂಡ್ ಕೆಂಪು ಕಾರು ಕೊಂಡಿದ್ದರು. ಡಿಕ್ಕಿಯ ಮೇಲೆ ಅಂಗೈ ಗಾತ್ರದ ಅಕ್ಷರಗಳಲ್ಲಿ 'ಸುಮಾ' ಎಂದಿತ್ತು. ಅವರ ಹೆಂಡತಿಯ ಹೆಸರು ಖಂಡಿತ ಅದಲ್ಲ. ಹೆಂಡತಿ ನೋಡುವ ಮುಂಚೆ ತೆಗೆದುಕೊಡಿ ಎಂದು ಕೈ ಮುಗಿದರು. ನಾನು ತೆಗೆದೆ. ಅಂಟೂ ಹೋಯಿತು. ಅವರು ಸಂತೋಷದಿಂದ ಹೋದರು.

ಸಂಜೆ ಹೆಂಡತಿ ಸಮೇತ ಬಂದರು. ಹತ್ತು ವರ್ಷದ ಬಿಸಿಲಿಗೆ ಕಾರಿನ ಕೆಂಪು ಮಾಸಿತ್ತು. ಸ್ಟಿಕ್ಕರಿನ ಅಡಿಯಲ್ಲಿದ್ದ ಬಣ್ಣ ಮಾತ್ರ ಮಾಸದೆ ಉಳಿದಿತ್ತು. ಇಳಿಬಿಸಿಲು ಓರೆಯಾಗಿ ಬಿದ್ದಾಗ ಸುಮಾ ಮೊದಲಿಗಿಂತ ಚೆನ್ನಾಗಿ ಓದಿಸಿಕೊಳ್ಳುತ್ತಿದ್ದಳು.

"ಯಾರ್ರೀ ಇವ್ಳು?" ಅಂತ ಹೆಂಡತಿ ಕೇಳಿದ್ದು ನನ್ನನ್ನು.

"ಮೊದ್ಲಿನ ಓನರ್ ಮನೆಯವ್ರು ಮೇಡಂ. ಪಾಲಿಶ್ ಮಾಡಿದ್ರೆ ಹೋಗುತ್ತೆ. ಮೂರು ಸಲ ಬೇಕಾಗ್ಬಹುದು."

"ಮೂರು ಸಲ?" ಆಕೆ ಕಾರಿನ ಸುತ್ತ ಒಂದು ಸುತ್ತು ಬಂದರು. ಮೇಷ್ಟ್ರು ಉಗುರು ಕಚ್ಚುತ್ತಿದ್ದರು. "ಕಿತ್ರೂ ಹೋಗಿಲ್ಲ, ಒರೆಸಿದ್ರೂ ಹೋಗಿಲ್ಲ. ಸರಿ, ಇದನ್ನ ಪೂರ್ತಿ ತೆಗೆದು ಅದೇ ಜಾಗಕ್ಕೆ ನನ್ನ ಹೆಸ್ರು ಅಂಟ್ಸಿಕೊಡಿ. ಹತ್ತು ವರ್ಷ ಬಿಸ್ಲಲ್ಲೇ ನಿಲ್ಲಿಸ್ತೀನಿ, ಆಮೇಲೆ ಇವ್ರು ಯಾರಿಗೆ ಬೇಕಾದ್ರೂ ಮಾರ್ಲಿ."

ಹಲಸಿನ ಮೇಣ

ಒಂದು ದಿನ ಗಮ್ಮು ಕರಗಿಸುವ ದ್ರಾವಣ ಅರ್ಧ ಕೆಲಸದಲ್ಲಿ ಮುಗಿದುಹೋಯಿತು. ಗಿರಾಕಿಯ ಮುಖ ನೋಡಲು ನಾಚಿಕೆ. ಹಿಂದಿನ ಸೀಟಿನಲ್ಲಿ ಕೂತಿದ್ದ ಅವರ ತಾಯಿ ಗಾಜು ಇಳಿಸಿದರು.

"ಹಲಸಿನ ಹಣ್ಣು ಬಿಡಿಸೋವಾಗ ಕೈಗೆ ಏನು ಹಚ್ಕೊತೀಯಪ್ಪಾ?"

"ಕೊಬ್ಬರಿ ಎಣ್ಣೆ ಅಮ್ಮಾ."

"ಮತ್ತೆ?"

ಅವರ ಚೀಲದಲ್ಲೇ ಒಂದು ಸಣ್ಣ ಬಾಟ್ಲಿ ಇತ್ತು. ಬಟ್ಟೆಗೆ ಹಚ್ಚಿ ಐದು ನಿಮಿಷ ನೆನೆಯಲು ಬಿಟ್ಟು ಒರೆಸಿದೆ. ಅಂಟು ಮರುಮಾತಿಲ್ಲದೆ ಬಂತು. ಆಮೇಲೆ ಶಾಂಪೂ ನೀರಿನಲ್ಲಿ ಜಿಡ್ಡು ತೊಳೆದೆ.

"ಈ ಕೆಲ್ಸ ಎಷ್ಟು ವರ್ಷದಿಂದ?" ಅಂದರು ಆಕೆ.

"ಬಣ್ಣದ ಜೊತೆ ಹದಿನಾರು ವರ್ಷ ಆಯ್ತಮ್ಮಾ."

ನನ್ನನ್ನು ಮರುಕದಿಂದ ನೋಡಿದರು. "ಹದಿನಾರು ವರ್ಷದಲ್ಲಿ ಯಾರೂ ನಿಂಗೆ ಒಂದು ಹಲಸಿನ ಹಣ್ಣು ಕೊಡ್ಲೇ ಇಲ್ವಾ?"

ಮಾವನವರ ಕಾರು

ದೀಪಾವಳಿಗೆ ಹತ್ತು ದಿನ ಇತ್ತು. ಶುಕ್ರವಾರ. ಹೊಳೆಹೊನ್ನೂರಿನಿಂದ ಮಾವನವರ ಬಿಳಿ ಕಾರು ಬಂದು ಶೆಡ್ಡಿನ ಮುಂದೆ ನಿಂತಿತು. ಪಕ್ಕದಲ್ಲಿ ಅತ್ತೆ.

ಮಾವನವರಿಗೆ ಕಾರು ಕೊಟ್ಟ ಶೋರೂಮಿನ ಮೇಲೆ ಸಿಟ್ಟು ಬಂದಿತ್ತು. ಸರ್ವೀಸಿಗೆ ಬಿಟ್ಟಾಗ ಬೆಳಿಗ್ಗೆಯಿಂದ ಸಂಜೆವರೆಗೆ ಬೆಂಚಿನ ಮೇಲೆ ಕೂರಿಸಿದ್ದರಂತೆ.

"ಅವ್ನ ಹೆಸ್ರು ಬೆನ್ನ ಮೇಲೆ ಹೊತ್ಕೊಂಡು ನಾನ್ಯಾಕೆ ಓಡಾಡ್ಲಿ? ತೆಗೀರಿ," ಅಂದರು. "ಒಂದೇ ಒಂದು ಗೀರು ಬಿತ್ತೋ, ಇವತ್ತೇ ಬಾಗ್ಲು ಹಾಕಿ ನಮ್ಜೊತೆ ಹೊರಡ್ಬೇಕು. ಬೀಳ್ಲಿಲ್ವೋ, ಇನ್ನು ಈ ವಿಷ್ಯದಲ್ಲಿ ನಾನು ಬಾಯಿ ಬಿಡಲ್ಲ."

ನಾನು ಹಿಂದೆ ಹೋಗಿ ನೋಡಿದರೆ ಬ್ಯಾಡ್ಜೇ ಕಾಣುತ್ತಿಲ್ಲ. ಅದಿರಬೇಕಾದ ಜಾಗದಲ್ಲಿ ಅರಿಶಿನ ಕುಂಕುಮದ ಒಂದು ಸಣ್ಣ ಗುಡ್ಡ. ಅದರ ಮೇಲೊಂದು ಸೇವಂತಿಗೆ. ಹೂವು ಬೀಳದಂತೆ ಸೆಲೋಟೇಪು.

"ಅತ್ತೆ, ಇದೇನಿದು?"

"ಅಮ್ಮನೋರು," ಅಂದರು ಅತ್ತೆ. "ಕಾರು ತಂದ ದಿನ ಪೂಜೆ ಮಾಡೋವಾಗ್ಲೇ ನೋಡ್ದೆ. ತಾವರೆ ಇದೆ, ಮಧ್ಯದಲ್ಲಿ ಎರಡು ಕೈ ಇದೆ. ಏಳು ವರ್ಷದಿಂದ ಒಂದು ಶುಕ್ರವಾರಾನೂ ತಪ್ಪಿಸಿಲ್ಲ."

ಸದಾ ಮುಂದಿನ ಬಾಗಿಲಿನಿಂದಲೇ ಹತ್ತಿ ಇಳಿಯುವ ಮಾವನವರು ಕಾರು ತಂದ ದಿನ ಬಿಟ್ಟರೆ ಅವತ್ತೇ ಮೊದಲ ಸಲ ಹಿಂದೆ ಬಂದು ನೋಡಿದ್ದು. "ಅದು ಶೋರೂಮಿನವನ ಗುರುತು ಕಣೇ! ನಮಸ್ಕಾರ, ಬನ್ನಿ ಅಂತ!"

"ಏಳು ವರ್ಷ ಈ ಕಾರಿಗೆ ಒಂದು ಪೆಟ್ಟು ಬಿದ್ದಿಲ್ಲ. ಮತ್ತೆ ಯಾರು ಕಾಯ್ದಿದ್ದು?"

"ನಾನು ಮೂವತ್ತರ ಮೇಲೆ ಓಡ್ಸಿಲ್ಲ, ಅದಕ್ಕೆ!"

ಅತ್ತೆ ಒಪ್ಪಲಿಲ್ಲ. ಯಾರ ಗುರುತಾದರೂ ಆಗಲಿ, ಇಷ್ಟು ವರ್ಷ ಪೂಜೆ ತಗೊಂಡಿದ್ದನ್ನು ಸುಮ್ಮನೆ ಕೀಳಬಾರದು, ಮಂಗಳಾರತಿ ಆಗಲೇಬೇಕು ಎಂದು ಕರ್ಪೂರ ಹಚ್ಚಿಯೇಬಿಟ್ಟರು. ನಾನು ಗಮ್ಮಿನ ದ್ರಾವಣದ ಡಬ್ಬ ಎತ್ತಿಕೊಂಡು ರಸ್ತೆಗೆ ಓಡಿದೆ. ಅದಕ್ಕೆ ಕಿಡಿ ತಗುಲಿದ್ದರೆ ಶೆಡ್ಡು ಮುಚ್ಚುವ ಕಷ್ಟವೇ ಇರುತ್ತಿರಲಿಲ್ಲ.

ಆರತಿ ಮುಗಿದ ಮೇಲೆ ನಿಜವಾದ ಭಯ ಶುರುವಾಯಿತು. ಒಣಗಿದ ಕುಂಕುಮವನ್ನು ಉಜ್ಜಿದರೆ ಮರಳು ಕಾಗದ ಹಾಕಿ ಉಜ್ಜಿದಂತೆ, ಗೀರು ಖಂಡಿತ. ಹಾಗಾಗಿ ಕೈ ತಾಗಿಸದೆ ಪೈಪಿನಲ್ಲಿ ಸಣ್ಣಗೆ ನೀರು ಬಿಟ್ಟೆ. ಏಳು ವರ್ಷದ ಕುಂಕುಮ ಕರಗಿ ಬಂಪರಿನಿಂದ ತೊಟ್ಟಿಕ್ಕಿ, ಕೆಂಪಗೆ ರಸ್ತೆಗೆ ಹರಿಯಿತು. ಸ್ಕೂಟರಿನವನೊಬ್ಬ ಗಕ್ಕನೆ ನಿಲ್ಲಿಸಿದ.

"ಯಾರಿಗೆ ಗುದ್ದಿದ್ರಿ ಯಜಮಾನ್ರೆ? ಆಸ್ಪತ್ರೆಗೆ ಸೇರಿಸಿದ್ರಾ?"

"ಯಾರಿಗೂ ಏನೂ ಆಗಿಲ್ಲ, ಹೋಗಯ್ಯಾ!" ಎಂದು ಮಾವನವರು ಕೂಗಿದರು. ಅವನು ಹೋಗಲಿಲ್ಲ. ಇನ್ನೂ ನಾಲ್ಕು ಜನ ಸೇರಿದರು.

ಅಷ್ಟು ಜನರ ಮುಂದೆ ಬೆಚ್ಚಗೆ ಮಾಡಿ, ದಾರ ತೂರಿಸಿ ಆಡಿಸಿದೆ. ಬ್ಯಾಡ್ಜು ಬಂತು. ಅತ್ತೆ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಕಣ್ಣಿಗೊತ್ತಿಕೊಂಡರು. ಅಂಟು ಬಂತು. ಆದರೆ ಬಿಳಿ ಬಣ್ಣದ ಮೇಲೆ ಅರಿಶಿನದ ಒಂದು ಉಂಗುರ ಉಳಿದೇ ಉಳಿಯಿತು. ಮಾವನವರು ಕನ್ನಡಕ ಹಾಕಿಕೊಂಡು ಬಗ್ಗಿದರು. ನಾನು ಮೆತ್ತನೆ ಬಟ್ಟೆಗೆ ಪಾಲಿಶ್ ಹಾಕಿ ಒಂದು ಸಲ, ಎರಡು ಸಲ, ಮೂರು ಸಲ ತಿಕ್ಕಿದೆ. ಉಂಗುರ ತೆಳುವಾಯಿತು. ಆಮೇಲೆ ಹೋಯಿತು.

ಮಾವನವರು ಮೊಬೈಲಿನ ಬೆಳಕು ಬಿಟ್ಟು ಮೇಲಿಂದ, ಕೆಳಗಿಂದ, ಪಕ್ಕದಿಂದ ನೋಡಿದರು. ಬೆರಳಲ್ಲಿ ಸವರಿದರು.

"ಗೀರಿಲ್ಲ," ಅಂದರು ಮೆಲ್ಲಗೆ.

ನನಗೆ ಕಣ್ಣು ತುಂಬಿ ಬಂತು. ಅದು ಕಾಣಬಾರದೆಂದು ಬಕೆಟ್ಟಿಗೆ ಬಗ್ಗಿದೆ.

ಎದ್ದು ನೋಡಿದರೆ ಅತ್ತೆ ಕುಂಕುಮದ ಭರಣಿ ಹಿಡಿದು ಡಿಕ್ಕಿಯ ಮುಂದೆ ತಬ್ಬಿಬ್ಬಾಗಿ ನಿಂತಿದ್ದಾರೆ. "ಎಲ್ಲಾ ನುಣ್ಣಗೆ ಮಾಡ್ಬಿಟ್ರಲ್ಲ ಅಳಿಯಂದ್ರೆ. ಇವತ್ತು ಶುಕ್ರವಾರ. ಇನ್ನು ಎಲ್ಲಿಗೆ ಹಚ್ಲಿ?" ಅನ್ನುತ್ತಾ ಬೆರಳಲ್ಲಿ ಕುಂಕುಮ ತೆಗೆದು, ಈಗಷ್ಟೇ ಹೊಳೆಯುತ್ತಿದ್ದ ಬಣ್ಣದ ಕಡೆಗೇ ಕೈ ಚಾಚಿದರು.

"ಅಲ್ಲಿ ಬೇಡ ಮಾರಾಯ್ತಿ!" ಮಾವನವರು ಅವರ ಕೈ ಹಿಡಿದು ತಿರುಗಿಸಿ ನನ್ನ ಹಣೆಯ ಮುಂದೆ ತಂದರು. "ಇಲ್ಲಿ ಹಚ್ಚು. ಶೋರೂಮಿನವನಿಗೆ ಏಳು ವರ್ಷ ಮಾಡಿದ್ದು ಸಾಕು, ಇನ್ನು ನಮ್ಮೋರಿಗೆ ಆಗ್ಲಿ."

ಅತ್ತೆಯದು ಪಳಗಿದ ಕೈ. ಹಣೆ ತುಂಬ ಮೆತ್ತಿ, ಎರಡೂ ಕೈ ಜೋಡಿಸಿ, ನನ್ನೆದುರೇ ಕಣ್ಣು ಮುಚ್ಚಿ ನಿಂತುಬಿಟ್ಟರು. ರಸ್ತೆಯ ಜನ ನೋಡುತ್ತಲೇ ಇದ್ದರು. ಮಾವನವರು ಒಂದು ನಿಮಿಷ ಕಾದರು, ಎರಡು ನಿಮಿಷ ಕಾದರು.

"ಪ್ರದಕ್ಷಿಣೆ ಹಾಕೋದಿದ್ರೆ ಬೇಗ ಹಾಕು," ಅಂದರು. "ಅಳಿಯಂದ್ರಿಗೆ ಕೆಲ್ಸ ಇದೆ."