ಡೆಮೊದಲ್ಲಿ ಪಿಟೀಲು ನುಡಿಸಿದವನ್ಯಾರು?

ನಮ್ಮ ಸೋದರಮಾವ ಜಗಳವಾಡದ ಕಂಪನಿಯೊಂದು ಇದೆಯೆಂದರೆ, ಅದು ಇನ್ನೂ ಶುರುವಾಗಿಲ್ಲ ಎಂದೇ ಅರ್ಥ. ಹಾಲಿನ ಬೂತು, ಕೇಬಲ್ಲಿನವರು ಎಲ್ಲ ಮುಗಿದಿದ್ದರು. ಬ್ರಾಡ್‌ಬ್ಯಾಂಡ್ ಬಂದಮೇಲೆ ಅವರ ರಣರಂಗ ಬೆಂಗಳೂರಿನ ಕತ್ರಿಗುಪ್ಪೆಯಿಂದ ನೇರ ವಿದೇಶಕ್ಕೇ ಹಬ್ಬಿತು.

ಮಾವ ಕ್ಯಾಸೆಟ್ ಕಾಲದ ಪಿಟೀಲು ವಾದಕರು. ಬಲಗೈ ನಡುಗತೊಡಗಿದ ಮೇಲೆ ಕಮಾನು ಕೆಳಗಿಟ್ಟು ಕಂಪ್ಯೂಟರಿನ ಮುಂದೆ ಕೂತರು. ವಾದ್ಯಗಳ ಒಂದೊಂದು ಸ್ವರವನ್ನೂ ಮೊದಲೇ ರೆಕಾರ್ಡ್ ಮಾಡಿ ಮಾರುವ ಕಂಪನಿಗಳಿವೆ. ಕೀಬೋರ್ಡಿನ ಕೀಲಿ ಒತ್ತಿದರೆ ಪಿಟೀಲು ಹಾಡುತ್ತದೆ. ಅಂಥದ್ದೊಂದನ್ನು, ಕಂಪನಿ ಮಾದರಿಗೆಂದು ಕೇಳಿಸುವ ಡೆಮೊಗೆ ಮರುಳಾಗಿ, ಕೊಂಡರು. ಮನೆಗೆ ಬಂದದ್ದು ಮಾತ್ರ ಸಿಟಿ ಬಸ್ಸು ಹಂಪ್ ಹಾರಿದ ಹಾಗೆ ಸ್ವರದಿಂದ ಸ್ವರಕ್ಕೆ ಹಾರುವ ಪಿಟೀಲು!

"ಡೆಮೊದಲ್ಲಿ ಸ್ವರದಿಂದ ಸ್ವರಕ್ಕೆ ಅಷ್ಟು ಚೆನ್ನಾಗಿ ಜಾರು ಬರತ್ತೆ, ನಮ್ಮನೇಲಿ ಯಾಕೋ ಬರಲ್ಲ?"

"ಕಸ್ಟಮ್ಸ್‌ನಲ್ಲಿ ಸಿಕ್ಕಾಕ್ಕೊಂಡಿರ್ಬೇಕು, ಮಾವ."

"ತರ್ಲೆ. ಅಲ್ಲಿ ಒಬ್ಬ ಮನುಷ್ಯನ್ನ ಕೂರಿಸಿ ನುಡಿಸಿದಾರೆ ಕಣೋ. ಅವನ ಹೆಸರೆಲ್ಲಿ?"

ಅಂದಿನಿಂದ ಕಂಪನಿಯ ವೆಬ್‌ಸೈಟಿನ ಚರ್ಚಾವೇದಿಕೆಯಲ್ಲಿ ಮಾವನದು ಇದೊಂದೇ ಪ್ರಶ್ನೆ. ಅವರ ಇಂಗ್ಲಿಷ್ ತಿದ್ದುವ ಕೆಲಸ ನನ್ನದು. ಅಂದರೆ, ಬೈಗುಳ ತೆಗೆಯುವುದು. ನನ್ನ ಇಂಗ್ಲಿಷ್ ಅಷ್ಟಕ್ಕೇ ಸಾಲುತ್ತಿತ್ತು. ಉತ್ತರ ಬರುತ್ತಿತ್ತು: ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ಶೀಘ್ರದಲ್ಲೇ ಮಹತ್ತರ ಘೋಷಣೆಯೊಂದಿದೆ. ನಾನದನ್ನು ರೇಡಿಯೋ ವಾರ್ತೆಯ ದನಿಯಲ್ಲಿ ಓದುತ್ತಿದ್ದೆ. ಘೋಷಣೆಯೂ ಬಂತು. ಹೊಸ ಆವೃತ್ತಿ, ಹಳೇ ಗಿರಾಕಿಗಳಿಗೆ ರಿಯಾಯಿತಿ!

"ಹಳಸಿದ ಇಡ್ಲಿ ಕೊಟ್ಟು, ಇನ್ನೊಂದು ಪ್ಲೇಟ್ ತಗೊಳ್ಳಿ, ಕಮ್ಮಿಗೆ ಕೊಡ್ತೀವಿ ಅಂದ್ರೆ ಸುಮ್ನಿರ್ತೀಯಾ?"

"ಚಟ್ನಿ ಚೆನ್ನಾಗಿದ್ರೆ ಇರ್ತೀನಿ."

ಅಷ್ಟರಲ್ಲಿ ಎದುರಾಳಿ ಕಂಪನಿಯೊಂದು ಮಾವನ ಮಾತನ್ನೇ ಎತ್ತಿ ತನ್ನ ಜಾಹೀರಾತಿನಲ್ಲಿ ಹಾಕಿಕೊಂಡಿತು: ನೋಡಿ, ಅವರ ಗಿರಾಕಿಗಳೇ ಹೀಗನ್ನುತ್ತಾರೆ, ನಮ್ಮಲ್ಲಿಗೆ ಬನ್ನಿ. ಮಾವ ಹಿಗ್ಗುತ್ತಾರೆಂದುಕೊಂಡೆ. ಕೆಂಡವಾದರು.

"ಸಿಟ್ಟು ನಂದು. ಅದನ್ನ ಮಾರ್ಕೊಳ್ಳೋಕೆ ಇವನ್ಯಾರು? ಇವನ ಡೆಮೊ ಹಾಕು, ಕೇಳೋಣ."

ಹಾಕಿದೆ. ಅದರಲ್ಲೂ ಒಬ್ಬ ಮನುಷ್ಯ! ಯುದ್ಧ ಎರಡು ಗಡಿಗೆ ಹಬ್ಬಿತು. ಅತ್ತೆ ಕಾಫಿ ಇಟ್ಟು, "ಇಬ್ರಿಗೂ ಒಂದೇ ಬೈಗುಳ ಸಾಕಲ್ವಾ, ಹುಡುಗನ ಕೈ ನೋಯತ್ತೆ" ಎಂದು ಒಳಗೆ ಹೋದರು.

ಕೊನೆಗೆ ಮೊದಲಿನ ಕಂಪನಿ ಸೋತು ಬರೆಯಿತು: ಹೌದು, ಡೆಮೊಗೆ ವಾದಕರೊಬ್ಬರನ್ನು ಸೇರಿಸಿಕೊಂಡಿದ್ದೆವು, ಹೊಸ ಆವೃತ್ತಿ ನಿಮಗೆ ಉಚಿತ, ವಿಷಯ ಇಲ್ಲಿಗೆ ಬಿಡಿ. ನಾನು ಕುಣಿಯುವುದೊಂದು ಬಾಕಿ. ಮಾವ ನನ್ನಿಂದ ಟೈಪ್ ಮಾಡಿಸಿದ್ದು ಇಷ್ಟೇ: ನನಗೇನೂ ಬೇಡ, ಅವನ ಹೆಸರು ಹಾಕಿ.

ನನಗೆ ರೇಗಿತು. "ಯಾವನೋ ಪಿಟೀಲಿನವನ ಹೆಸರು ಕಟ್ಕೊಂಡು ನಿಮಗೇನಾಗ್ಬೇಕು?"

ಮಾವ ಬೈಯಲಿಲ್ಲ. "ಅಷ್ಟು ವರ್ಷ ಕ್ಯಾಸೆಟ್‌ಗಳಿಗೆ ನುಡಿಸ್ದೆ. ಕವರ್ ಮೇಲೆ ಪ್ರೆಸ್ಸಿನವನ ಹೆಸರೂ ಇರ್ತಿತ್ತು. ನಾನು 'ಮತ್ತು ವೃಂದ'ದೊಳಗೆ. ನಿಮ್ಮತ್ತೆಗೆ ತೋರಿಸೋಣ ಅಂತ ಪ್ರತಿ ಸಲ ಮನೆಗೆ ತರ್ತಿದ್ದೆ. ಏನನ್ನ ತೋರ್ಸ್ಲಿ?"

ಮುಂದಿನ ವಾರ ಡೆಮೊದ ಕೆಳಗೆ ಸಣ್ಣ ಅಕ್ಷರದಲ್ಲಿ ಹೆಸರೊಂದು ಬಂತು. ಯಾರ ದನಿಯನ್ನಾದರೂ ಅಣಕಿಸುವ ನನಗೂ ಅದನ್ನು ಉಚ್ಚರಿಸಲಾಗಲಿಲ್ಲ. ಮಾವ ಅತ್ತೆಯನ್ನು ಕರೆದು, ನಡುಗುವ ಬೆರಳನ್ನು ಪರದೆಯ ಮೇಲೆ ಆ ಹೆಸರಿನ ಕೆಳಗೆ ಒತ್ತಿಟ್ಟರು.

"ಯಾರ್ರೀ ಇವ್ರು?"

"ನಮ್ಮವನೇ ಕಣೇ," ಎಂದರು ಮಾವ.